ಬಣ್ಣ ನೋಡಿ ಜೇಡ್ ಗಿಡಕ್ಕೆ ಹೆಸರಿಡಬೇಡಿ

ನನ್ನ ತಂಗಿಯ ಮಗಳಿಗೆ ಒಮ್ಮೆ ನನ್ನ ಜೇಡ್ ಗಿಡದಿಂದ ಎರಡು ತುಂಡು ಕತ್ತರಿಸಿ ಕೊಟ್ಟಿದ್ದೆ. ಒಂದನ್ನು ಅವಳು ಬಾಲ್ಕನಿಯಲ್ಲಿ ನೆಟ್ಟಳು, ಇನ್ನೊಂದನ್ನು ಹಾಲ್‌ನೊಳಗೆ ಪುಸ್ತಕದ ಕಪಾಟಿನ ಮೇಲಿಟ್ಟಳು. ವರ್ಷ ಕಳೆದ ಮೇಲೆ ಎರಡರ ಫೋಟೋ ತೋರಿಸಿ, "ದೊಡ್ಡಮ್ಮ, ನೀವು ಕೊಟ್ಟಿದ್ದು ಬೇರೆ ಬೇರೆ ಜಾತಿ ಅಲ್ವಾ?" ಎಂದು ಕೇಳಿದಳು. ಅವಳು ಹಾಗೆ ಅಂದುಕೊಂಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬಾಲ್ಕನಿಯದರ ಎಲೆ ಚಿಕ್ಕದು, ದಪ್ಪ, ಅಂಚಿಗೆಲ್ಲ ಕೆಂಪು ಗೆರೆ. ಕಪಾಟಿನ ಮೇಲಿದ್ದದರ ಎಲೆ ಅಗಲ, ತೆಳು, ಕಡು ಹಸಿರು. ಕಾಂಡ ಉದ್ದವಾಗಿ ಕಿಟಕಿ ಕಡೆ ವಾಲಿತ್ತು. ಒಂದೇ ತಾಯಿಯ ಎರಡು ಮಕ್ಕಳು, ಗುರುತೇ ಸಿಗದಷ್ಟು ಬೇರೆ.

ಅದಕ್ಕೇ ನಾನು ಹೇಳುವುದು, ಜೇಡ್ ಗಿಡವನ್ನು ಬಣ್ಣದಿಂದ ಗುರುತಿಸಲು ಹೋಗಬೇಡಿ. ಬಣ್ಣ, ಎಲೆಯ ಅಗಲ, ಕಾಂಡದ ಉದ್ದ ಇವೆಲ್ಲ ಬೆಳಕು ಕೊಡುವುದು. ಎಲೆಯ ಮೂಲ ಆಕಾರ ಮತ್ತು ಕಾಂಡದ ಗುಣ ಗಿಡದ ಸ್ವಂತದ್ದು.

ಮೊದಲು ಮಾಮೂಲಿ ಜೇಡ್ ಹೇಗಿರುತ್ತದೆ ಎಂದು ತಿಳಿದುಕೊಳ್ಳಿ. ಕ್ರಾಸುಲಾ ಒವಾಟಾ ಎಂಬುದು ಅದರ ಶಾಸ್ತ್ರೀಯ ಹೆಸರು, ಮೂಲ ಊರು ದಕ್ಷಿಣ ಆಫ್ರಿಕಾ ಮತ್ತು ಮೊಜಾಂಬಿಕ್. ಎಲೆಗಳು ಎದುರುಬದುರಾಗಿ ಜೋಡಿಜೋಡಿಯಾಗಿ ಬರುತ್ತವೆ. ಮೇಲಿನಿಂದ ಬಗ್ಗಿ ನೋಡಿದರೆ ಒಂದು ಜೋಡಿಗೆ ಅಡ್ಡಲಾಗಿ ಮುಂದಿನ ಜೋಡಿ ಕೂತಿರುತ್ತದೆ, ಕೂಡಿಸುವ ಗುರುತಿನ ಹಾಗೆ. ಒಂದು ಎಲೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಹತ್ತಿರದಿಂದ ನೋಡಿ. ಹೊಳಪಿನ ಮೈಮೇಲೆ ಸೂಜಿಮೊನೆಯಷ್ಟು ಸಣ್ಣ ಚುಕ್ಕೆಗಳು ಕಾಣುತ್ತವೆ. ಎಷ್ಟೋ ಜನ ಅದನ್ನು ಹುಳ ಎಂದುಕೊಂಡು ಔಷಧಿ ಹೊಡೆಯುತ್ತಾರೆ, ಪಾಪ. ಅವು ಎಲೆಯದೇ ಸೂಕ್ಷ್ಮ ರಂಧ್ರಗಳು, ನೀರು ಸಾಗುವ ದಾರಿ. ಉಗುರಿನಿಂದ ಕೆರೆದರೆ ಏಳುವುದಿಲ್ಲ. ಹುಳ ಆಗಿದ್ದರೆ ಏಳುತ್ತದೆ.

ಎಲ್ಲರೂ ಎಡವುವುದು ಪುಟ್ಟ ಎಲೆಯ ಜೇಡ್ ವಿಷಯದಲ್ಲಿ. ಅದು ನಿಜವಾಗಿ ಜೇಡ್ ಕುಟುಂಬದ್ದೇ ಅಲ್ಲ. ಪೋರ್ಚುಲಕೇರಿಯಾ ಆಫ್ರಾ ಅನ್ನುವ ಬೇರೆ ಗಿಡ, ಆನೆಗಳು ಇಷ್ಟಪಟ್ಟು ಮೇಯುವುದರಿಂದ ಎಲಿಫೆಂಟ್ ಬುಷ್ ಎನ್ನುತ್ತಾರೆ. ಎಲೆ ನೋಡಿ ಗೊಂದಲವಾದರೆ ಕಾಂಡ ನೋಡಿ. ಮಾಮೂಲಿ ಜೇಡ್‌ನ ಎಳೆ ಕಾಂಡ ಹಸಿರು, ರಸ ತುಂಬಿ ಬೆರಳಿನ ಹಾಗೆ ಉಬ್ಬಿರುತ್ತದೆ. ಬಗ್ಗಿಸಿದರೆ ಪಟ್ ಎಂದು ಮುರಿಯುತ್ತದೆ. ಎಲಿಫೆಂಟ್ ಬುಷ್‌ನ ಎಳೆ ರೆಂಬೆ ತೆಳು, ಕೆಂಗಂದು ಬಣ್ಣದ್ದು, ಮೆಲ್ಲಗೆ ಬಗ್ಗಿಸಿದರೆ ಬಾಗುತ್ತದೆ. ಮನೆಯಲ್ಲಿ ಬೆಕ್ಕು ನಾಯಿ ಇದ್ದರೆ ಈ ವ್ಯತ್ಯಾಸ ತಿಳಿದಿರಲೇಬೇಕು. ಮಾಮೂಲಿ ಜೇಡ್ ಎಲೆ ತಿಂದರೆ ಅವು ವಾಂತಿ ಮಾಡಿಕೊಳ್ಳುತ್ತವೆ, ಮಂಕಾಗುತ್ತವೆ. ಕೈಗೆಟುಕದ ಎತ್ತರದಲ್ಲಿಡಿ.

ಗೊಲ್ಲಮ್, ಹಾಬಿಟ್ ಎಂಬ ಎರಡು ತಳಿಗಳಿವೆ, ಇವುಗಳ ಹೆಸರು ಸದಾ ಅದಲುಬದಲು. ನಾನು ನೋಡುವುದು ಎಲೆಯ ತುದಿ. ಗೊಲ್ಲಮ್‌ನ ಎಲೆ ಪೂರ್ತಿ ಕೊಳವೆ, ತುದಿಯಲ್ಲಿ ಸಣ್ಣ ಬಟ್ಟಲಿನ ಹಾಗೆ ಒಳಗುಳಿ. ಹಾಬಿಟ್‌ನ ಎಲೆ ಅಂಚು ಸುರುಳಿಕೊಂಡು ಅರ್ಧ ಕೊಳವೆಯಾಗಿರುತ್ತದೆ, ಒಂದು ಬದಿ ಚಮಚದಂತೆ ತೆರೆದೇ ಇರುತ್ತದೆ. ಒಂದೇ ಗಿಡದಲ್ಲಿ ಎರಡೂ ತರಹ ಕಂಡರೆ ಆಶ್ಚರ್ಯ ಬೇಡ, ಜಾಸ್ತಿ ಯಾವುದಿದೆಯೋ ಅದೇ ಹೆಸರು. ಇನ್ನು ಸಿಲ್ವರ್ ಡಾಲರ್ ಜೇಡ್ ಸುಲಭ. ಎಲೆ ದುಂಡು, ಬೂದು ನೀಲಿ, ಬೆರಳಿನಿಂದ ಒರೆಸಿದರೆ ಬಿಳಿ ಪುಡಿ ಹೋಗಿ ಕೆಳಗಿನ ಹಸಿರು ಕಾಣುತ್ತದೆ. ಒಮ್ಮೆ ಒರೆಸಿದ ಗುರುತು ಆ ಎಲೆಯ ಮೇಲೆ ಉಳಿದುಬಿಡುತ್ತದೆ. ಹಾಗಾಗಿ ಪರೀಕ್ಷೆಗೆ ಹಿಂಬದಿಯ ಒಂದು ಎಲೆ ಸಾಕು.

ಈಗ ಬೆಳಕಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಬಿಸಿಲು ಜಾಸ್ತಿ ಬಿದ್ದಾಗ ಎಲೆ ತನ್ನನ್ನು ಕಾಪಾಡಿಕೊಳ್ಳಲು ಆಂಥೋಸಯನಿನ್ ಎಂಬ ಕೆಂಪು ಬಣ್ಣ ಮಾಡಿಕೊಳ್ಳುತ್ತದೆ. ಅಂಚಿನ ಕೆಂಪು ಅದೇ. ಹಾಗಾಗಿ ಕೆಂಪು ಅಂಚು ಕಂಡ ಕೂಡಲೇ ಇದು ವಿಶೇಷ ತಳಿ ಎಂದುಕೊಳ್ಳಬೇಡಿ. ರಾತ್ರಿ ಚಳಿ ಹೆಚ್ಚಿದ್ದರೂ, ನೀರು ಕಡಿಮೆಯಾದರೂ ಕೆಂಪು ಏರುತ್ತದೆ. ಹಮ್ಮೆಲ್ಸ್ ಸನ್‌ಸೆಟ್ ಎಂಬ ತಳಿಯಲ್ಲಿ ಮಾತ್ರ ಎಲೆಯೇ ಹಳದಿ ಹೊನ್ನಿನ ಬಣ್ಣಕ್ಕೆ ತಿರುಗಿ ಅಂಚು ಕೆಂಪಾಗುತ್ತದೆ. ಅದನ್ನೇ ನೆರಳಿಗೆ ತಂದರೆ ಕೆಲವು ವಾರಗಳಲ್ಲಿ ಹಸಿರಾಗಿ ಮಾಮೂಲಿ ಜೇಡ್‌ನಂತೆ ಕಾಣುತ್ತದೆ. ಮೋಸ ಹೋದೆವು ಎಂದು ಎಸೆಯುವ ಮೊದಲು ಮತ್ತೆ ಬಿಸಿಲು ತೋರಿಸಿ, ಎರಡು ತಿಂಗಳು ಕಾಯಿರಿ. ಹೊಸ ಕುಡಿ ಉತ್ತರ ಹೇಳುತ್ತದೆ.

ಬೆಳಕು ಸಾಲದಿದ್ದರೆ ಗೆಣ್ಣು ಗೆಣ್ಣಿನ ನಡುವೆ ಅಂತರ ಬೆಳೆಯುತ್ತದೆ. ಎಲೆ ಅಗಲವಾಗಿ ತೆಳ್ಳಗಾಗುತ್ತದೆ, ಕಾಂಡ ಸೊರಗಿ ವಾಲುತ್ತದೆ. ನೋಡಲು ಹಚ್ಚ ಹಸಿರಾಗಿ ಚೆನ್ನಾಗೇ ಇರುತ್ತದೆ, ಅದೇ ನಮ್ಮನ್ನು ಯಾಮಾರಿಸುವುದು. ಉದ್ದವಾದ ಕಾಂಡ ಮತ್ತೆ ಕುಗ್ಗುವುದಿಲ್ಲ. ಅದನ್ನು ಗೆಣ್ಣಿನ ಸ್ವಲ್ಪ ಮೇಲೆ ಕತ್ತರಿಸಿ. ಆ ಗೆಣ್ಣಿನಿಂದ ಸಾಮಾನ್ಯವಾಗಿ ಎರಡು ಕುಡಿ ಒಡೆಯುತ್ತವೆ, ತುಂಡನ್ನು ಗಾಯ ಒಣಗಲು ಕೆಲವು ದಿನ ಬಿಟ್ಟು ನೆಟ್ಟರೆ ಇನ್ನೊಂದು ಗಿಡವಾಗುತ್ತದೆ.

ನೆರಳಿನ ಗಿಡವನ್ನು ಒಂದೇ ಸಲ ಬಿಸಿಲಿಗೆ ಎತ್ತಿಡುವ ತಪ್ಪು ನಾನೇ ಮಾಡಿದ್ದೇನೆ. ಒಂದು ಮಧ್ಯಾಹ್ನದಲ್ಲಿ ಎಲೆ ಮೇಲೆ ಒಣಗಿದ ಕಂದು ಕಲೆ ಬಿದ್ದಿತು, ಆ ಎಲೆ ಉದುರುವವರೆಗೂ ಮಾಯಲಿಲ್ಲ. ಈಗ ಬೆಳಗಿನ ಬಿಸಿಲಿನಲ್ಲಿ ಮೊದಲು ಅರ್ಧ ಗಂಟೆ ಇಡುತ್ತೇನೆ, ಎರಡು ವಾರ ನಿಧಾನವಾಗಿ ಏರಿಸುತ್ತೇನೆ. ಕೊನೆಗೆ ದಿನಕ್ಕೆ 4 ಗಂಟೆ ಬಿಸಿಲು ಸಿಕ್ಕರೆ ಮಾಮೂಲಿ ಜೇಡ್ ಹಾಯಾಗಿರುತ್ತದೆ. ಕುಂಡವನ್ನು ವಾರಕ್ಕೊಮ್ಮೆ ಸುಮ್ನೆ ಸ್ವಲ್ಪ ತಿರುಗಿಸಿ, ಒಂದೇ ಕಡೆ ವಾಲುವುದಿಲ್ಲ.

ಇನ್ನೊಂದು ಮಾತು, ಬಿಳಿ ಹಸಿರು ಗುಲಾಬಿ ಪಟ್ಟೆಯ ಟ್ರೈಕಲರ್ ಇಟ್ಟುಕೊಂಡವರಿಗೆ. ಇಡೀ ಗಿಡದ ಗುಲಾಬಿ ಮಾಸಿದ್ದರೆ ಬೆಳಕು ಕೊರತೆ, ಜಾಗ ಬದಲಿಸಿ. ಒಂದೇ ರೆಂಬೆ ಪೂರ್ತಿ ಹಸಿರಾಗಿ ಭರ್ರನೆ ಬೆಳೆಯುತ್ತಿದ್ದರೆ ಅದಕ್ಕೆ ಬೆಳಕು ಕಾರಣವಲ್ಲ, ಆ ರೆಂಬೆ ಮೂಲ ಜಾತಿಗೆ ಮರಳಿದೆ. ಹಾಗೇ ಬಿಟ್ಟರೆ ಪಟ್ಟೆಯ ರೆಂಬೆಗಳನ್ನು ಹಿಂದಕ್ಕೆ ಹಾಕಿ ಇಡೀ ಕುಂಡ ಆಕ್ರಮಿಸುತ್ತದೆ. ಬುಡದಲ್ಲೇ ಕತ್ತರಿಸಿ, ಬೇಕಿದ್ದರೆ ಬೇರೆ ಕುಂಡದಲ್ಲಿ ನೆಡಿ. ಮಾಮೂಲಿ ಜೇಡ್ ಒಂದು ಸಿಕ್ಕಿತು.