ಬಿಸಿಯಾದಾಗ ಮಾತ್ರ ಕೈಕೊಡುತ್ತಿದ್ದ ಎಂಜಿನ್

ನನ್ನ ಮಾದರಿ ರೈಲಿನ ಎಂಜಿನ್ ಕೈಕೊಟ್ಟಾಗ, ಅದರೊಳಗಿನ ಡಿಕೋಡರ್ (ಹಳಿಯಿಂದ ಬರುವ ಡಿಜಿಟಲ್ ಆದೇಶ ಓದಿ ಮೋಟಾರ್ ಓಡಿಸುವ ಪುಟ್ಟ ಸರ್ಕ್ಯೂಟ್) ಕೆಟ್ಟಿದೆ ಎಂದು ಇದೇ ಹವ್ಯಾಸದ ಐದು ಜನ ಹೇಳಿದರು. ಐವರ ಮಾತನ್ನೂ ನಂಬಿ ನಾನು ಎರಡು ಡಿಕೋಡರ್ ಸುಟ್ಟೆ. ಮೂರನೆಯದನ್ನು ಸುಡದೆ ಉಳಿಸಿದ್ದು ತಲೆಕೂದಲು ಒಣಗಿಸುವ ಡ್ರೈಯರ್. ಅದನ್ನು ಹಿಡಿದು ಎಂಜಿನ್ ಮುಂದೆ ಕುಳಿತಾಗ ನಕ್ಕವರಿಗಾಗಿಯೇ ಈ ಬರಹ ಎಂದರೂ ತಪ್ಪಿಲ್ಲ.

ಎಂಜಿನ್ ಹಳೆಯದು, ಎಚ್‌ಓ ಅಳತೆಯದು (ಅಸಲಿನ 87ರಲ್ಲೊಂದು ಪಾಲು), ಅನಲಾಗ್ ಕಾಲದ್ದು, ಅಂದರೆ ಡಿಕೋಡರ್ ಇಲ್ಲದೆ ಹಳಿಯ ಕರೆಂಟ್ ನೇರ ಮೋಟಾರ್‌ಗೆ ಹೋಗುತ್ತಿದ್ದ ಕಾಲದ್ದು. ಒಳಗೆ ಸಾಕೆಟ್ ಇಲ್ಲ. ಡಿಕೋಡರ್‌ನ ತಂತಿಗಳನ್ನು ನಾನೇ ಬೆಸೆದಿದ್ದೆ: ಕೆಂಪು, ಕಪ್ಪು ಹಳಿಯ ಕಡೆಗೆ, ಕಿತ್ತಳೆ, ಬೂದು ಮೋಟಾರ್‌ಗೆ. ಪ್ರೋಗ್ರಾಮಿಂಗ್ ಹಳಿಯ ಮೇಲೆ ಸಿವಿಗಳನ್ನೆಲ್ಲ (ಡಿಕೋಡರ್ ಒಳಗಿನ ಸೆಟ್ಟಿಂಗ್ ಸಂಖ್ಯೆಗಳನ್ನು) ಸಲೀಸಾಗಿ ಓದಲಾಯಿತು. ಮುಖ್ಯ ಹಳಿಗೆ ಇಳಿಸಿದರೆ ಓಟವೂ ಚೆನ್ನಾಗಿತ್ತು. ಆರು ಬೋಗಿ ಕಟ್ಟಿ ಸುಮಾರು ಇಪ್ಪತ್ತು ನಿಮಿಷ ಓಡಿಸಿದ್ದೆ. ತಿರುವಿನಲ್ಲಿ ಒಮ್ಮೆ ಜಗ್ಗಿ ನಿಂತಿತು, ಹಳಿಗೆ ಕರೆಂಟ್, ಆದೇಶ ಕೊಡುವ ಕಮಾಂಡ್ ಸ್ಟೇಷನ್ ಶಾರ್ಟ್ ಎಂದು ಟ್ರಿಪ್ ಆಯಿತು, ಆಮೇಲೆ ನಮಗೆಲ್ಲ ಪರಿಚಯವಿರುವ ಆ ವಾಸನೆ ಬಂತು. ಡಿಕೋಡರ್ ಮೇಲೆ ಕಂದು ಚುಕ್ಕೆ.

ಮಾರಿದವರನ್ನು ಕೇಳಿದೆ. ಬೆಸುಗೆ ಹಾಕಿದ್ದು ನೀವು, ವಾರಂಟಿ ಬರುವುದಿಲ್ಲ ಎಂದರು. ಆಗ ಕೋಪ ಬಂದಿತ್ತು. ಈಗ ಯೋಚಿಸಿದರೆ ಅವರ ಮಾತೇ ಸರಿ. ಅಗ್ಗದ್ದು ತಂದಿದ್ದೇ ತಪ್ಪಾಯಿತೇನೋ ಎಂದು ಎರಡನೆಯ ಸಲ ದುಬಾರಿ ಡಿಕೋಡರ್ ಹಾಕಿದೆ. ಅದೂ ಇಪ್ಪತ್ತೈದು ನಿಮಿಷಕ್ಕೆ ಹೋಯಿತು. ಎರಡಕ್ಕೂ ಸುರಿದ ಹಣ ಲೆಕ್ಕ ಹಾಕಿದರೆ ಆ ಎಂಜಿನ್‌ಗೆ ಕೊಟ್ಟಿದ್ದಕ್ಕಿಂತ ಹೆಚ್ಚು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದೆ ಎಂಬುದು ಇನ್ನೂ ತಲೆಗೆ ಹೋಗಿರಲಿಲ್ಲ.

ಮೋಟಾರ್ ಮೇಲೆ ನನಗೆ ಅನುಮಾನ ಬರಲಿಲ್ಲವೆಂದಲ್ಲ. ಡಿಕೋಡರ್ ತೆಗೆದು, ಹಳೆಯ ಅನಲಾಗ್ ಕಂಟ್ರೋಲರ್‌ಗೆ ಜೋಡಿಸಿ ಒಂದು ಗಂಟೆ ಓಡಿಸಿದೆವು. ಎಂಜಿನ್ ಬಿಸಿಯೂ ಆಯಿತು, ಒಂದು ಸಲವೂ ಮುಗ್ಗರಿಸಲಿಲ್ಲ. ನಮ್ಮ ಪೈಕಿ ಹಿರಿಯರೊಬ್ಬರು, “ನೋಡಿ, ಮೋಟಾರ್ ಚಿನ್ನದಂತಿದೆ. ಒಳ್ಳೆಯ ಡಿಕೋಡರ್ ತೆಗೆದುಕೊಳ್ಳಿ, ಜಿಪುಣತನ ಮಾಡಬೇಡಿ” ಎಂದರು. ನಾವೆಲ್ಲ ಮೋಸಹೋಗಿದ್ದು ಇಲ್ಲೇ. ಈ ಎಂಜಿನ್‌ನ ಚಾಸಿ ಒಂದು ಹಳಿಗೆ ಸೇರಿದ್ದು. ಅನಲಾಗ್‌ನಲ್ಲಿ ಮೋಟಾರ್‌ನ ಕೆಳಗಿನ ಬ್ರಷ್‌ಗೂ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು) ಅದೇ ಹಳಿಯಿಂದ ಕರೆಂಟ್. ಹಾಗಾಗಿ ಬ್ರಷ್ ಚಾಸಿಗೆ ತಗುಲಿದರೂ ಏನೂ ಗೊತ್ತಾಗುವುದಿಲ್ಲ. ಡಿಸಿಸಿಯಲ್ಲಿ, ಅಂದರೆ ಡಿಕೋಡರ್ ಬಳಸುವ ಡಿಜಿಟಲ್ ಪದ್ಧತಿಯಲ್ಲಿ, ಮೋಟಾರ್‌ನ ಎರಡು ತುದಿಗಳೂ ಡಿಕೋಡರ್‌ಗೆ ಮಾತ್ರ ಸೇರಿದವು. ಒಂದು ತುದಿ ಒಂದು ಕ್ಷಣ ಹಳಿಯನ್ನು ಮುಟ್ಟಿದರೂ ಡಿಕೋಡರ್ ಕಥೆ ಮುಗಿಯಿತು. ಇದು ನಮಗೆಲ್ಲ ಗೊತ್ತಿರುವ ವಿಷಯ. ಗೊತ್ತಿದ್ದೂ ಒಂದು ಗಂಟೆಯ ಓಟ ನೋಡಿ ಮರೆತೆವು. ಬೆಸೆಯುವ ಮೊದಲು ಮೀಟರ್‌ನ ಬಝರ್ ಇಟ್ಟು, ಮೋಟಾರ್ ಚಾಸಿಗೆ ತಗುಲಿದೆಯೇ ಎಂದು ನೋಡಿದ್ದೆ, ಸದ್ದು ಬಂದಿರಲಿಲ್ಲ. ಆದರೆ ಆಗ ಎಂಜಿನ್ ತಣ್ಣಗಿತ್ತು.

ನಡುವೆ ಇನ್ನೊಂದು ಎಂಜಿನ್ ನನ್ನ ಮಾನ ಕಳೆಯಿತು. ಅದನ್ನೂ ಹೇಳಿಬಿಡುತ್ತೇನೆ. ದೀಪ ಹತ್ತುತ್ತದೆ, ಚಕ್ರ ಮಾತ್ರ ಅಲ್ಲಾಡುವುದಿಲ್ಲ. ಮೋಟಾರ್ ಹುಚ್ಚು ತಲೆಗೇರಿದ್ದ ಕಾಲ ಅದು. ಕಿತ್ತಳೆ, ಬೂದು ತಂತಿ ಬಿಚ್ಚಿದೆ, ಬ್ರಷ್ ತೆಗೆದೆ, ಸ್ಪ್ರಿಂಗ್ ಒಂದು ಹಾರಿ ಎಲ್ಲೋ ಬಿತ್ತು, ಮೇಜಿನಡಿಯಲ್ಲಿ ಅದನ್ನು ಹುಡುಕುವುದಕ್ಕೇ ಅರ್ಧ ಸಂಜೆ ಹೋಯಿತು. ಮೂರನೆಯ ಸಂಜೆ ಸುಮ್ಮನೆ ಸಿವಿ 19 (ಜೋಡಿ ಎಂಜಿನ್‌ಗಳ ವಿಳಾಸ) ಓದಿದರೆ ಅದರಲ್ಲಿ 12 ಕೂತಿದೆ! ಹಿಂದೆಂದೋ ಎರಡು ಎಂಜಿನ್ ಜೋಡಿಸಿ ಓಡಿಸಿದ್ದೆ, ಬಿಡಿಸುವುದು ಮರೆತಿದ್ದೆ. ಸೊನ್ನೆ ಬರೆದೆ, ಓಡಿತು. ಈಗ ಯಾರೇ ಸತ್ತ ಎಂಜಿನ್ ತಂದರೂ ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಸಿವಿ 1, 19, 29 ಓದುತ್ತೇನೆ. 29ರಲ್ಲಿ 6 ಇದ್ದರೆ 2 ಮಾಡುತ್ತೇನೆ, ಅನಲಾಗ್ ಬಾಗಿಲು ಮುಚ್ಚಿರಲಿ ಎಂದು.

ಈಗ ಡ್ರೈಯರ್ ವಿಷಯ. ಎರಡು ಸಾವುಗಳಲ್ಲೂ ಸಮಾನವಾಗಿದ್ದದ್ದು ಇಪ್ಪತ್ತು ಇಪ್ಪತ್ತೈದು ನಿಮಿಷದ ಓಟ, ಅಂದರೆ ಬಿಸಿ. ಹಾಗಾದರೆ ಡಿಕೋಡರ್ ಇಲ್ಲದೆ ಎಂಜಿನ್ ಬಿಸಿ ಮಾಡಿ ನೋಡಿದರೆ? ದೇಹ ಕಳಚಿ, ತಂತಿಗಳನ್ನೆಲ್ಲ ಬಿಡಿಸಿ, ಎರಡು ತುದಿಗಳು ಸುರುಳಿಯ ಮೂಲಕ ಕೂಡದಂತೆ ಬ್ರಷ್‌ಗಳನ್ನೂ ತೆಗೆದು, ಮೀಟರ್‌ನ ಒಂದು ಕ್ಲಿಪ್ ಕಿತ್ತಳೆ ತುದಿಗೆ, ಇನ್ನೊಂದು ಚಾಸಿಗೆ. ಬಝರ್ ಅಲ್ಲ, ಸಣ್ಣ ಸೋರಿಕೆಯೂ ಕಾಣುವ ಮೆಗಾಓಮ್ ರೇಂಜ್. ಡ್ರೈಯರ್ ಒಂದು ಗೇಣು ದೂರದಲ್ಲಿ, ಕಡಿಮೆ ಬಿಸಿಯಲ್ಲಿ. ಕಿತ್ತಳೆ ಕಡೆ ಹತ್ತು ನಿಮಿಷ ಕಾದೆ, ಮೀಟರ್ ಓಎಲ್ (ಸಂಪರ್ಕ ಇಲ್ಲ ಎಂಬ ಸೂಚನೆ) ಬಿಟ್ಟು ಅಲುಗಲಿಲ್ಲ. ನೋಡಲು ಬಂದಿದ್ದ ಗೆಳೆಯ, “ಇನ್ನು ಬಾಚಣಿಗೆ ತರಲೇ?” ಎಂದು ಕೇಳಿ ಹೊರಟುಹೋದ.

ಕ್ಲಿಪ್ಪನ್ನು ಬೂದು ತುದಿಗೆ ಬದಲಿಸಿದೆ. ಮೂರೋ ನಾಲ್ಕೋ ನಿಮಿಷಕ್ಕೆ ಓಎಲ್ ಹೋಗಿ 8 ಮೆಗಾಓಮ್ ತೋರಿಸಿತು, ಮತ್ತೆ ಓಎಲ್, ಮತ್ತೆ 5, 2. ಹೀಗೆ ತೂಗಾಡುತ್ತಿದ್ದಾಗ ಮೋಟಾರನ್ನು ಬೆರಳಿನಿಂದ ಸ್ವಲ್ಪ ಒತ್ತಿದೆ, ಎಳೆಯುವಾಗ ಅದು ತಿರುಚಿಕೊಳ್ಳುವ ದಿಕ್ಕಿಗೇ. ನೇರ 3 ಓಮ್! ಬೆರಳು ತೆಗೆದರೆ ಮೆಗಾಓಮ್. ಡ್ರೈಯರ್ ಆರಿಸಿ ಹತ್ತು ನಿಮಿಷ ಬಿಟ್ಟರೆ ಎಷ್ಟು ಒತ್ತಿದರೂ ಓಎಲ್. ಬಿಸಿ ಮತ್ತು ಒತ್ತಡ ಎರಡೂ ಸೇರಿದರೆ ಮಾತ್ರ ಕಳ್ಳ ಹೊರಗೆ ಬರುತ್ತಿದ್ದ.

ಮೋಟಾರ್ ಎತ್ತಿ ನೋಡಿದೆ. ಕೆಳಗಿನ ಬ್ರಷ್ ಹಿಡಿಯುವ ತಾಮ್ರದ ಪಟ್ಟಿಯ ತುದಿ ಒಂದಿಷ್ಟು ಬಾಗಿ, ಚಾಸಿಯ ಮೇಲಿನ ಇನ್ಸುಲೇಷನ್ ಟೇಪಿನಲ್ಲಿ ಸಾಸಿವೆ ಕಾಳಿನಷ್ಟೂ ಇಲ್ಲದ ತೂತು ಕೊರೆದಿತ್ತು. ಸುತ್ತ ಬ್ರಷ್ಷಿನ ಕಪ್ಪು ಪುಡಿ. ಮೆಗಾಓಮ್ ತೋರಿಸುತ್ತಿದ್ದದ್ದು ಅದು. ಮೋಟಾರನ್ನು ಹಿಡಿದಿದ್ದ ಪ್ಲಾಸ್ಟಿಕ್ ತೊಟ್ಟಿಲು ಹಳೆಯದಾಗಿ, ಬಿಸಿಯಾದಾಗ ಮೆತ್ತಗಾಗಿ ಕೂದಲೆಳೆಯಷ್ಟು ಕೆಳಗಿಳಿಯುತ್ತಿತ್ತು.

ದುರಸ್ತಿಗೆ ಹಿಡಿದದ್ದು ಹದಿನೈದು ನಿಮಿಷ. ಪುಡಿ ಒರೆಸಿ, ಪಟ್ಟಿಯ ತುದಿ ನೇರ ಮಾಡಿ, ಬಿಸಿ ತಡೆಯುವ ಕ್ಯಾಪ್ಟಾನ್ ಇನ್ಸುಲೇಷನ್ ಟೇಪ್ ಎರಡು ಪದರ ಹಾಕಿದೆ. ತೊಟ್ಟಿಲು ಮತ್ತೆ ಕುಸಿಯದಂತೆ ಏನು ಮಾಡಿದೆ ಎಂಬುದನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಹೊಸ ತೊಟ್ಟಿಲೇನೂ ಕೊಳ್ಳಲಿಲ್ಲ, ಅಷ್ಟು ಹೇಳಬಲ್ಲೆ. ಸಾಮಾನಿನ ಖರ್ಚು ಬೆರಳುದ್ದ ಟೇಪ್. ಸುಟ್ಟ ಡಿಕೋಡರ್‌ಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮೂರನೆಯ ಡಿಕೋಡರ್ ಹಾಕುವಾಗ ಹಳಿಯ ಒಂದು ತಂತಿಯಲ್ಲಿ ಕಾರಿನ 12 ವೋಲ್ಟ್ ಬಲ್ಬ್ ಸೇರಿಸಿದೆ, ಶಾರ್ಟ್ ಆದರೂ ಕರೆಂಟ್ ಮಿತಿಯಲ್ಲಿರಲಿ ಎಂದು. ದೊಡ್ಡ ಹಳಿಜಾಲಕ್ಕೆ 21 ವ್ಯಾಟ್ ಬಲ್ಬ್ ಹಾಕುವವರಿದ್ದಾರೆ. ಅದು ಸುಮಾರು ಎರಡು ಆಂಪಿಯರ್ ಬಿಡುತ್ತದೆ, ಸಣ್ಣ ಡಿಕೋಡರ್ ಉಳಿಯಲಾರದು. ಒಂದೇ ಎಂಜಿನ್ ಪರೀಕ್ಷೆಗೆ 5 ವ್ಯಾಟ್ ಸಾಕು. ಬಲ್ಬ್ ಝಗ್ಗನೆ ಉರಿದರೆ ಕೈ ತೆಗೆಯಿರಿ. ಆಮೇಲೆ ಬಲ್ಬ್ ತೆಗೆದು ಎರಡು ಗಂಟೆ ಓಡಿಸಿದೆ, ಎಂಟು ಬೋಗಿ ಕಟ್ಟಿ. ಅದೇ ಡಿಕೋಡರ್ ಇವತ್ತಿಗೂ ಇದೆ.

ಸುಮ್ಮನಿರಲಾರದೆ ಅದೇ ಎಂಜಿನ್‌ಗೆ ಕರೆಂಟನ್ನು ಸ್ವಲ್ಪ ಹೊತ್ತಿಗೆ ಕೂಡಿಟ್ಟುಕೊಳ್ಳುವ ಸೂಪರ್ ಕೆಪಾಸಿಟರ್‌ಗಳನ್ನೂ ಹಾಕಿದೆ, ಕೊಳಕು ಹಳಿಯಲ್ಲಿ ನಿಲ್ಲದಿರಲಿ ಎಂದು. 2.7 ವೋಲ್ಟಿನವು ಐದನ್ನು ಸಾಲಾಗಿ ಬೆಸೆದರೆ 13.5 ವೋಲ್ಟ್. ನನ್ನ ಹಳಿಯಲ್ಲಿ 15ರ ಹತ್ತಿರ ಇದೆ, ಡಯೋಡ್‌ಗಳಲ್ಲಿ ಇಳಿಯುವುದನ್ನು ಕಳೆದರೂ 13.6. ವ್ಯತ್ಯಾಸ ಬರೀ ಸೊನ್ನೆ ಪಾಯಿಂಟ್ ಒಂದು ಎಂದು ಉಡಾಫೆ ಮಾಡಿದೆ. ಒಂದು ಕೆಪಾಸಿಟರ್ ಎರಡನೆಯ ವಾರಕ್ಕೆ ಊದಿಕೊಂಡು ರಸ ಬಿಟ್ಟಿತು. ಐದೂ ಒಂದೇ ಸಮ ಹಂಚಿಕೊಳ್ಳುತ್ತವೆ ಎಂದು ಯಾರು ಹೇಳಿದ್ದರು? ಈಗ ಆರು ಹಾಕುತ್ತೇನೆ. ಇವು ಇರುವಾಗ ಪ್ರೋಗ್ರಾಮಿಂಗ್ ಹಳಿಯಲ್ಲಿ ಸಿವಿ ಓದುವುದಕ್ಕೆ ತಕರಾರು, ಅದಕ್ಕೆ ನಡುವೆ ಎರಡು ಪಿನ್ನಿನ ಪುಟ್ಟ ಪ್ಲಗ್ ಇಟ್ಟಿದ್ದೇನೆ.

ಆಮೇಲೆ ಬೇರೆಯವರ ಎಂಜಿನ್‌ಗಳೂ ಬರತೊಡಗಿದವು. ಏಳೋ ಎಂಟೋ ಆಗಿರಬೇಕು, ನಾಲ್ಕರಲ್ಲಿ ಡ್ರೈಯರ್‌ಗೇ ದೋಷ ಸಿಕ್ಕಿತು. ಒಂದರಲ್ಲಿ ಐದು ಪೋಲಿನ ಆರ್ಮೇಚರ್ (ಮೋಟಾರ್‌ನ ತಿರುಗುವ ಭಾಗ) ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತ ಬ್ರಷ್‌ಗಳ ನಡುವೆ ಓಮ್ ನೋಡಿದೆ. ತಣ್ಣಗಿದ್ದಾಗ ಎಲ್ಲ ಕಡೆ 22ರ ಆಸುಪಾಸು, ಬಿಸಿ ಮಾಡಿದರೆ ಕೆಲವು ಜಾಗದಲ್ಲಿ ಮಾತ್ರ 30 ದಾಟಿತು. ಬ್ರಷ್ ತಗುಲುವ ಕಮ್ಯುಟೇಟರ್ ಪಕ್ಕದ ಒಂದು ಬೆಸುಗೆ ಸಡಿಲಾಗಿತ್ತು. ಅದನ್ನು ಡಿಕೋಡರ್ ದೋಷವೆಂದು ಅದರ ಒಡೆಯರು ಬ್ಯಾಕ್ ಇಎಂಎಫ್ (ಮೋಟಾರ್ ವೇಗ ಅಳೆದು ಸರಿದೂಗಿಸುವ) ಸಿವಿಗಳನ್ನು ತಿಂಗಳುಗಟ್ಟಲೆ ತಿರುವಿಹಾಕಿದ್ದರಂತೆ.

ಕಳೆದ ವಾರ ಬಾಚಣಿಗೆಯ ಗೆಳೆಯನೇ ಒಂದು ಎಂಜಿನ್ ತಂದುಕೊಟ್ಟ. ಅದರದ್ದು ತಿರುಗಾ ಮುರುಗಾ: ತಣ್ಣಗಿದ್ದಾಗ ಟ್ರಿಪ್ ಮಾಡುತ್ತದೆ, ಬಿಸಿಯಾದರೆ ಸರಿಹೋಗುತ್ತದೆ. ಡ್ರೈಯರ್ ಕೆಲಸಕ್ಕೆ ಬರಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮೀಟರ್ ತಂತಿಗಳನ್ನು ಬಾಗಿಲ ಸಂದಿಯಿಂದ ಹೊರಗೆಳೆದು, ಸದ್ಯಕ್ಕೆ ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ.