ಡ್ಯೂಟಿ ಮುಗಿಸಿ ಬಂದ ರಾತ್ರಿಯ ಚಾಪ್ಡ್ ಚೀಸ್

ನನ್ನ ಡ್ಯೂಟಿ ಬೆಳಿಗ್ಗೆ ಏಳಕ್ಕೆ ಶುರುವಾದರೆ ಮುಗಿಯುವುದು ಸಂಜೆ ಏಳೂವರೆಗೆ. ವಾರದಲ್ಲಿ ಮೂರು ದಿನ ಹೀಗೆ. ಆಸ್ಪತ್ರೆ ಇರುವುದು ಮ್ಯಾನ್‌ಹಟನ್‌ನಲ್ಲಿ, ಮನೆ ಬ್ರಾಂಕ್ಸ್‌ನ ಪಾರ್ಕ್‌ಚೆಸ್ಟರ್‌ನಲ್ಲಿ. 6 ನಂಬರಿನ ರೈಲು ಹಿಡಿದು ಮನೆ ಮುಟ್ಟುವಾಗ ಎಂಟೂಕಾಲು. ಇವರಿಗೆ ರಾತ್ರಿ ಕೆಲಸ, ಒಂಬತ್ತಕ್ಕೆ ಹೊರಡಬೇಕು. ನಾವು ನಾಲ್ಕು ಜನ ಒಟ್ಟಿಗೆ ಕೂತು ಉಣ್ಣಲು ಸಿಗುವುದು ಆ ಮುಕ್ಕಾಲು ಗಂಟೆಯೇ. ಅದರೊಳಗೆ ಅಡುಗೆಯೂ ಆಗಬೇಕು. ಅಂಥ ರಾತ್ರಿಗಳಿಗೆ ನಾನು ಮಾಡುವುದು ಚಾಪ್ಡ್ ಚೀಸ್.

ಚಾಪ್ಡ್ ಚೀಸ್ ಅಂದರೆ ಬೀಫ್ ಖೀಮಾವನ್ನು ನೀರುಳ್ಳಿಯೊಂದಿಗೆ ಕಾವಲಿಯ ಮೇಲೆ ಹುರಿದು, ಕೊಚ್ಚಿ, ಮೇಲೆ ಚೀಸ್ ಕರಗಿಸಿ, ಉದ್ದ ಬ್ರೆಡ್ಡಿನ ಒಳಗೆ ತುಂಬುವುದು. ಜೊತೆಗೆ ಲೆಟಿಸ್, ಟೊಮೆಟೊ, ಮಯೋನೀಸ್, ಕೆಚಪ್. ಇದು ನ್ಯೂಯಾರ್ಕಿನ ಬೊಡೆಗಾಗಳ ತಿಂಡಿ. ಬೊಡೆಗಾ ಅಂದರೆ ಬೀದಿ ಮೂಲೆಯ ಚಿಕ್ಕ ಅಂಗಡಿ. ಹಾಲು, ಸಾಬೂನು, ಬ್ಯಾಟರಿ ಎಲ್ಲಾ ಸಿಗುತ್ತದೆ, ಒಂದು ಮೂಲೆಯಲ್ಲಿ ಕಬ್ಬಿಣದ ದೊಡ್ಡ ಕಾವಲಿಯೂ ಇರುತ್ತದೆ. ಹೆಸರು ಸ್ಪ್ಯಾನಿಷ್, ಆದರೆ ಈಗ ತುಂಬಾ ಅಂಗಡಿಗಳನ್ನು ನಡೆಸುವವರು ಯೆಮೆನ್ ದೇಶದವರು. ಈ ಸ್ಯಾಂಡ್‌ವಿಚ್ ಹುಟ್ಟಿದ್ದು ಈಸ್ಟ್ ಹಾರ್ಲೆಮ್‌ನಲ್ಲಿ, 110ನೇ ಬೀದಿ ಮತ್ತು ಫಸ್ಟ್ ಅವೆನ್ಯೂ ಸೇರುವಲ್ಲಿರುವ ಬ್ಲೂ ಸ್ಕೈ ಡೆಲಿಯಲ್ಲಿ ಎಂದು ಹೆಚ್ಚಿನವರು ಹೇಳುತ್ತಾರೆ. ಆ ಅಂಗಡಿಯನ್ನು ಎಲ್ಲರೂ ಕರೆಯುವುದು ಹಾಜೀಸ್ ಎಂದು. ನಾನು ಮೊದಲು ತಿಂದದ್ದೂ ಅಲ್ಲೇ. ಜೊತೆಯಲ್ಲಿ ಕೆಲಸ ಮಾಡುವ ನರ್ಸ್ ಒಬ್ಬಳು, ಅದೇ ಏರಿಯಾದಲ್ಲಿ ಹುಟ್ಟಿ ಬೆಳೆದವಳು, ಡ್ಯೂಟಿ ಮುಗಿಸಿ ನನ್ನನ್ನು ಕರೆದುಕೊಂಡು ಹೋಗಿದ್ದಳು.

ಆಮೇಲೆ ನಮ್ಮ ಮನೆಯ ಕೆಳಗಿನ ಬೊಡೆಗಾದಲ್ಲೂ ಅದು ಸಿಗುತ್ತದೆ ಎಂದು ಗೊತ್ತಾಯಿತು. ಅಲ್ಲಿ ಕಾವಲಿಯ ಮುಂದೆ ನಿಲ್ಲುವವರು ಯೆಮೆನ್‌ನ ಒಬ್ಬ ಹಿರಿಯರು. ನನ್ನ ಯೂನಿಫಾರ್ಮ್ ನೋಡಿ ಮೊದಲ ದಿನದಿಂದಲೂ ಸಿಸ್ಟರ್ ಎಂದೇ ಕರೆಯುತ್ತಾರೆ. ನಾನು ಅವರನ್ನು ಭಾಯ್ ಅನ್ನುತ್ತೇನೆ. ಮಂಗಳೂರಿನ ಆಸ್ಪತ್ರೆ ಬಿಟ್ಟು ಇಷ್ಟು ದೂರ ಬಂದ ಮೇಲೂ ಬೀದಿಯಲ್ಲಿ ಒಬ್ಬರು ಸಿಸ್ಟರ್ ಎಂದು ಕೂಗಿದಾಗ ಮನಸ್ಸಿಗೆ ಏನೋ ಹಿತ.

2017ರ ಫೆಬ್ರವರಿ 2, ಗುರುವಾರ. ಅದಕ್ಕೆ ಕೆಲವೇ ದಿನ ಮುಂಚೆ ಯೆಮೆನ್ ಸೇರಿ ಏಳು ದೇಶಗಳ ಜನ ಅಮೆರಿಕಕ್ಕೆ ಬರುವುದನ್ನು ತಡೆಯುವ ಆದೇಶ ಹೊರಬಿದ್ದಿತ್ತು. ಅದನ್ನು ವಿರೋಧಿಸಿ ಆವತ್ತು ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರ ತನಕ ಊರಿನ ಸಾವಿರಕ್ಕೂ ಹೆಚ್ಚು ಯೆಮೆನಿ ಬೊಡೆಗಾಗಳು ಬಾಗಿಲು ಮುಚ್ಚಿದ್ದವು. ನಾನು ರೈಲಿಳಿದು ಬರುವಾಗ ನಮ್ಮ ಅಂಗಡಿಯ ಶಟರ್ ಇನ್ನೂ ಎತ್ತಿರಲಿಲ್ಲ. ಭಾಯ್ ಮತ್ತು ಅವರ ಮಕ್ಕಳು ಬ್ರೂಕ್ಲಿನ್‌ನಲ್ಲಿ ಸೇರಿದ ಜನರ ನಡುವೆ ಇದ್ದರು ಎಂದು ಆಮೇಲೆ ತಿಳಿಯಿತು. ಮನೆಯಲ್ಲಿ ಮಕ್ಕಳಿಗೆ ಬೆಳಿಗ್ಗೆಯೇ ಮಾತು ಕೊಟ್ಟಾಗಿತ್ತು, ರಾತ್ರಿ ಚಾಪ್ಡ್ ಚೀಸ್ ತರುತ್ತೇನೆ ಎಂದು. ಫ್ರಿಜ್ಜಿನಲ್ಲಿ ಒಂದು ಪೌಂಡ್ ಖೀಮಾ ಇತ್ತು. ಮನೆಯಲ್ಲೇ ಮಾಡಿದೆ.

ಚೆನ್ನಾಗಿ ಆಗಲಿಲ್ಲ. ನಾನ್‌ಸ್ಟಿಕ್ ಪ್ಯಾನಿನಲ್ಲಿ ನೀರುಳ್ಳಿ ಹಾಕಿ, ಅದು ಬಾಡುವ ಮೊದಲೇ ಖೀಮಾ ಹಾಕಿ, ಉಪ್ಪು ಹಾಕಿ ಕೈಯಾಡಿಸುತ್ತಾ ಹೋದೆ. ಖೀಮಾ ನೀರು ಬಿಟ್ಟಿತು. ಬೂದಿ ಬಣ್ಣಕ್ಕೆ ತಿರುಗಿ, ಆ ನೀರಲ್ಲೇ ಕೊತಕೊತ ಕುದಿಯಿತು. ಮೇಲೆ ಹಾಕಿದ ಚೆಡಾರ್ ಚೀಸ್ ಎಣ್ಣೆ ಬಿಟ್ಟು ನಾರು ನಾರಾಯಿತು. ಬ್ರೆಡ್ ಒದ್ದೆಯಾಗಿ ಕೈಯಲ್ಲೇ ಬಿಚ್ಚಿಕೊಂಡಿತು. ಮಕ್ಕಳು ಏನೂ ಹೇಳದೆ ತಿಂದರು. ಅದೇ ನನಗೆ ಜಾಸ್ತಿ ಬೇಸರ ತಂದದ್ದು.

ಯೋಚಿಸಿದರೆ ನಾನು ಮಾಡಿದ್ದು ನಮ್ಮೂರಿನ ಖೀಮಾ. ಅಮ್ಮ ಮಾಡುತ್ತಿದ್ದುದು ಹಾಗೆಯೇ: ನೀರುಳ್ಳಿ, ಶುಂಠಿ, ಬೆಳ್ಳುಳ್ಳಿ, ಮೆಣಸಿನ ಹುಡಿ, ಅರಿಶಿನ, ಆಮೇಲೆ ಖೀಮಾ ಹಾಕಿ ಮುಚ್ಚಳ ಮುಚ್ಚಿ, ಅದರದ್ದೇ ನೀರಿನಲ್ಲಿ ಬೇಯಿಸುವುದು. ಅಲ್ಲಿ ರುಚಿ ಬರುವುದು ಮಸಾಲೆಯಿಂದ. ಚಾಪ್ಡ್ ಚೀಸ್‌ನಲ್ಲಿ ಅಷ್ಟು ಮಸಾಲೆ ಇಲ್ಲ. ಕಾವಲಿಗೆ ತಾಗಿ ಕೆಂಪಗೆ ಸುಟ್ಟ ಮಾಂಸವೇ ಅಲ್ಲಿ ರುಚಿ. ಕಾವಲಿಯಲ್ಲಿ ನೀರು ನಿಂತಿರುವ ತನಕ ಮಾಂಸದ ಬಿಸಿ 100 ಡಿಗ್ರಿ ದಾಟುವುದೇ ಇಲ್ಲ. ಚೆನ್ನಾಗಿ ಕೆಂಪಗಾಗಲು 140 ಡಿಗ್ರಿಯಾದರೂ ಬೇಕು. ನೀರಿದ್ದರೆ ಬೇಯುತ್ತದೆ, ಹುರಿಯುವುದಿಲ್ಲ.

ಮರುದಿನ ಭಾಯ್‌ಗೆ ಇದನ್ನೆಲ್ಲ ಹೇಳಿದೆ. ಅವರು ಗಿರಾಕಿ ಇಲ್ಲದ ಹೊತ್ತಿನಲ್ಲಿ ನನ್ನನ್ನು ಕೌಂಟರಿನ ಹತ್ತಿರ ನಿಲ್ಲಿಸಿ ತೋರಿಸಿದರು. ಖೀಮಾದ ದಪ್ಪ ಬಿಲ್ಲೆಯೊಂದನ್ನು ಕಾವಲಿಗೆ ಒತ್ತಿ, ಕೈ ಕಟ್ಟಿ ನಿಂತುಬಿಟ್ಟರು. ನಾನು ಯಾವಾಗ ಮಗುಚುವುದು ಎಂದು ಕೇಳಿದೆ. "ಸಿಸ್ಟರ್, ಮುಟ್ಟಬೇಡಿ. ಅದೇ ಬಿಡುತ್ತದೆ," ಅಂದರು.

ದೋಸೆ ಎಬ್ಬಿಸುವವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಕಾದ ಕಾವಲಿಯ ಮೇಲೆ ದೋಸೆ ಆಗುವ ತನಕ ಅಂಟಿಕೊಂಡಿರುತ್ತದೆ, ಆದಾಗ ಅಂಚು ಬಿಡುತ್ತದೆ. ಅವಸರ ಮಾಡಿದರೆ ಹರಿಯುತ್ತದೆ. ಮಾಂಸವೂ ಅಷ್ಟೇ. ಕೆಳಗಿನ ಪದರ ಕೆಂಪಗಾದ ಮೇಲೆ ತಾನಾಗಿ ಕಾವಲಿ ಬಿಡುತ್ತದೆ. ಅಲ್ಲಿಯವರೆಗೆ ಸುಮ್ನೆ ಬಿಟ್ಟುಬಿಡುವುದೇ ಇದರಲ್ಲಿ ಇರುವ ದೊಡ್ಡ ಕೆಲಸ.

ಈಗ ನಾನು ಮಾಡುವ ಕ್ರಮ ಹೀಗಿದೆ. ನಾಲ್ಕು ಜನರಿಗೆ ಒಂದು ಪೌಂಡ್ ಖೀಮಾ ಸಾಕು, ಅಂದರೆ ಸುಮಾರು 450 ಗ್ರಾಂ. ಇಲ್ಲಿ ಪ್ಯಾಕೆಟ್ಟಿನ ಮೇಲೆ 80/20, 85/15, 90/10 ಎಂದು ಬರೆದಿರುತ್ತದೆ. ಮೊದಲನೆಯದು ಮಾಂಸ, ಎರಡನೆಯದು ಕೊಬ್ಬು. ಇದಕ್ಕೆ ನನ್ನ ಆಯ್ಕೆ 80/20. ಕೊಬ್ಬು ಕಡಿಮೆ ಇದ್ದರೆ ಒಳ್ಳೆಯದು ಎಂದು ಕೆಲವು ತಿಂಗಳು 90/10 ತಂದು ನೋಡಿದೆ. ಒಣ ಒಣ, ಬಾಯಲ್ಲಿ ಮರಳಿನ ಹಾಗೆ. ಬೇರೆ ದಿನ ಹುರುಳಿ ಸಾರು, ಬಸಳೆ ತಿಂದರಾಯಿತು, ಈ ಒಂದು ರಾತ್ರಿ 80/20 ಇರಲಿ.

ಖೀಮಾ ತಂದ ದಿನವೇ ಜಿಪ್ ಚೀಲಕ್ಕೆ ತುಂಬಿ, ಲಟ್ಟಣಿಗೆಯಿಂದ ಚಪ್ಪಟೆ ಮಾಡಿ ಫ್ರೀಜರಿನಲ್ಲಿ ಇಡುತ್ತೇನೆ. ಹಸಿ ಖೀಮಾ ಫ್ರಿಜ್ಜಿನಲ್ಲಿ ಒಂದೆರಡು ದಿನಕ್ಕಿಂತ ಹೆಚ್ಚು ಇಡಬಾರದು. ಮುದ್ದೆಯಾಗಿ ಹೆಪ್ಪುಗಟ್ಟಿದರೆ ಕರಗಲು ಇಡೀ ದಿನ ಬೇಕು, ಚಪ್ಪಟೆ ಇದ್ದರೆ ಬೇಗ. ಹಿಂದಿನ ರಾತ್ರಿ ಕೆಳಗಿನ ಶೆಲ್ಫಿಗೆ ಇಳಿಸಿಟ್ಟರಾಯಿತು. ಮರೆತ ದಿನ ಮಗಳಿಗೆ ಫೋನ್ ಮಾಡಿ, ಚೀಲ ಬಿಚ್ಚದೆ ತಣ್ಣೀರಿನಲ್ಲಿ ಮುಳುಗಿಸಿಡು ಅನ್ನುತ್ತೇನೆ. ನಾನು ಮನೆಗೆ ಬರುವಷ್ಟರಲ್ಲಿ ಕರಗಿರುತ್ತದೆ. ಅರ್ಧಂಬರ್ಧ ಕರಗಿದ ಖೀಮಾ ಮಾತ್ರ ಕಾವಲಿಗೆ ಹಾಕಬೇಡಿ. ಮತ್ತೆ ಅದೇ ನೀರಿನ ಕಥೆ.

ಕಾವಲಿ ಬೀಡಿನದ್ದೇ ಆಗಬೇಕು, ಅಥವಾ ದಪ್ಪ ಸ್ಟೀಲಿನದ್ದು. ತೆಳು ಪ್ಯಾನಿಗೆ ತಣ್ಣಗಿನ ಮಾಂಸ ಬಿದ್ದ ಕೂಡಲೇ ಬಿಸಿ ಇಳಿಯುತ್ತದೆ. ಬೀಡಿನದ್ದು ಬಿಸಿ ಹಿಡಿದುಕೊಂಡಿರುತ್ತದೆ. ಊರಿಂದ ತಂದ ದೋಸೆ ಕಾವಲಿ ನನ್ನಲ್ಲಿದೆ, ಅದನ್ನು ಇದಕ್ಕೆ ಮುಟ್ಟಿಸುವುದಿಲ್ಲ. ಇದಕ್ಕೆಂದೇ 12 ಇಂಚಿನದ್ದೊಂದು ಬೇರೆ ತೆಗೆದಿಟ್ಟಿದ್ದೇನೆ.

ಮನೆಗೆ ಬಂದು ಕೈಕಾಲು ತೊಳೆಯುವ ಮೊದಲೇ ಕಾವಲಿಯನ್ನು ಮಧ್ಯಮ ಉರಿಯಲ್ಲಿ ಕಾಯಲು ಇಡುತ್ತೇನೆ. ಅಷ್ಟರಲ್ಲಿ ಒಂದು ನೀರುಳ್ಳಿ ಸಣ್ಣಗೆ ಹೆಚ್ಚಿ, ಒಂದು ಚಮಚ ಎಣ್ಣೆಯಲ್ಲಿ ನಾಲ್ಕೈದು ನಿಮಿಷ ಹುರಿದು ತಟ್ಟೆಗೆ ತೆಗೆಯುತ್ತೇನೆ. ಬೊಡೆಗಾದಲ್ಲಿ ಕಾವಲಿ ವಿಶಾಲ, ನೀರುಳ್ಳಿ ಪಕ್ಕದಲ್ಲೇ ಬೇಯುತ್ತದೆ. ಮನೆಯಲ್ಲಿ ಅಷ್ಟು ಜಾಗ ಇಲ್ಲ, ಎರಡನ್ನೂ ಒಟ್ಟಿಗೆ ತುಂಬಬಾರದು. ಆಮೇಲೆ ಉರಿ ಜಾಸ್ತಿ ಮಾಡಿ, ಖೀಮಾವನ್ನು ಎರಡು ದಪ್ಪ ರೊಟ್ಟಿಯಂತೆ ತಟ್ಟಿ ಕಾವಲಿಗೆ ಹಾಕುತ್ತೇನೆ. ಸಟ್ಟುಗದಿಂದ ಗಟ್ಟಿಯಾಗಿ ಒತ್ತುತ್ತೇನೆ. ಉಪ್ಪು ಹಾಕುವುದು ಆಗ, ಮೇಲಿನಿಂದ ಮಾತ್ರ. ಮೊದಲೇ ಕಲಸಿಟ್ಟರೆ ಮಾಂಸ ಬಿಗಿದು ರಬ್ಬರಿನ ಹಾಗಾಗುತ್ತದೆ. ಕಾಳುಮೆಣಸು, ಬೆಳ್ಳುಳ್ಳಿ ಹುಡಿ, ಒರೆಗಾನೊ, ಒಂದು ಚಿಟಿಕೆ ಅರಿಶಿನ. ಇಲ್ಲಿನ ಲ್ಯಾಟಿನೋ ಮನೆಗಳಲ್ಲಿ ಇರುವ ಅಡೋಬೊ ಹುಡಿಯಲ್ಲಿ ಇರುವುದೂ ಹೆಚ್ಚುಕಡಿಮೆ ಇವೇ. ತುಂಬಾ ಬೊಡೆಗಾಗಳಲ್ಲಿ ಅದನ್ನೇ ಉದುರಿಸುತ್ತಾರೆ. ಗರಂ ಮಸಾಲೆ ಒಮ್ಮೆ ಹಾಕಿ ನೋಡಿದ್ದೇನೆ. ಚೀಸ್‌ಗೂ ಲವಂಗಕ್ಕೂ ಹೊಂದುವುದಿಲ್ಲ.

ಆಮೇಲೆ ಮೂರು ನಿಮಿಷ ಮುಟ್ಟುವುದಿಲ್ಲ. ಕಿಟಕಿ ತೆರೆಯುತ್ತೇನೆ, ಹೊಗೆ ಬರುತ್ತದೆ. ಟೊಮೆಟೊ ಬಿಲ್ಲೆ ಮಾಡುತ್ತೇನೆ. ಅಂಚಿನಲ್ಲಿ ಕಂದು ಬಣ್ಣ ಮೇಲೇರುತ್ತಾ ಬರುವಾಗ ಸಟ್ಟುಗ ತೂರಿಸಿ ಮಗುಚಿದರೆ ಪೂರ್ತಿ ಎದ್ದು ಬರುತ್ತದೆ. ಇನ್ನೊಂದು ಬದಿಗೆ ಒಂದೇ ನಿಮಿಷ. ಈಗ ನೀರುಳ್ಳಿ ವಾಪಸ್ ಹಾಕಿ, ಸಟ್ಟುಗದ ಅಂಚಿನಿಂದ ಟಕಟಕ ಕೊಚ್ಚುವುದು. ಊರಿನ ಎಗ್ ಬುರ್ಜಿ ಗಾಡಿಯ ಸದ್ದೇ. ಆ ಸದ್ದು ಕೇಳಿದ ಕೂಡಲೇ ಮಗ ರೂಮಿನಿಂದ ಹೊರಗೆ ಬರುತ್ತಾನೆ. ತುಂಬಾ ಪುಡಿ ಮಾಡಬೇಡಿ, ಕಡಲೆಕಾಯಿ ಗಾತ್ರದ ತುಂಡುಗಳು ಉಳಿಯಲಿ. ಕೊಬ್ಬು ಜಾಸ್ತಿ ಕಂಡರೆ ಸ್ವಲ್ಪ ತೆಗೆದು ಖಾಲಿ ಡಬ್ಬಿಗೆ ಹಾಕಿ. ಸಿಂಕಿಗೆ ಸುರಿದರೆ ಪೈಪಿನೊಳಗೆ ಗಟ್ಟಿಯಾಗಿ ಕೂರುತ್ತದೆ.

ಖೀಮಾ ಪೂರ್ತಿ ಬೇಯಲೇಬೇಕು. ಇದರಲ್ಲಿ ನಾನು ಎಂದೂ ರಾಜಿಯಾಗುವುದಿಲ್ಲ. ಇಡೀ ತುಂಡಿನಲ್ಲಿ ರೋಗಾಣು ಇದ್ದರೂ ಹೆಚ್ಚಾಗಿ ಹೊರಗಿನ ಮೈಮೇಲೆ ಇರುತ್ತದೆ. ಅರೆದಾಗ ಅದು ಒಳಗೆಲ್ಲ ಸೇರುತ್ತದೆ. ಅದಕ್ಕೇ ಖೀಮಾಕ್ಕೆ 71 ಡಿಗ್ರಿ ಸೆಲ್ಸಿಯಸ್, ಇಲ್ಲಿನ ಲೆಕ್ಕದಲ್ಲಿ 160 ಫ್ಯಾರನ್‌ಹೀಟ್ ಎಂದು ನಿಯಮ. ಬಣ್ಣ ನೋಡಿ ನಂಬುವ ಹಾಗಿಲ್ಲ, ಅಷ್ಟು ಬಿಸಿ ಆಗುವ ಮೊದಲೇ ಕಂದಾಗುವುದೂ ಉಂಟು. ಕೊಚ್ಚಿದ್ದನ್ನು ಒಂದು ಗುಡ್ಡೆ ಮಾಡಿ, ಥರ್ಮಾಮೀಟರಿನ ತುದಿಯನ್ನು ನಡುವಿಗೆ ಚುಚ್ಚಿ ನೋಡುತ್ತೇನೆ. ಹತ್ತು ಸೆಕೆಂಡಿನ ಕೆಲಸ.

ಚೀಸ್ ವಿಷಯದಲ್ಲಿ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿದೆ. ಒಳ್ಳೆಯ ಚೀಸ್ ಹಾಕಿದರೆ ಒಳ್ಳೆಯ ಸ್ಯಾಂಡ್‌ವಿಚ್ ಎಂದುಕೊಂಡಿದ್ದೆ. ಇಲ್ಲಿ ಬೇಕಾದದ್ದು ಅಗ್ಗದ ಹಳದಿ ಅಮೆರಿಕನ್ ಚೀಸ್ ಹಾಳೆಯೇ. ಅದರಲ್ಲಿ ಸೋಡಿಯಂ ಸಿಟ್ರೇಟ್‌ನಂಥ ಲವಣ ಇರುತ್ತದೆ. ಬಿಸಿಯಾದಾಗ ಕೊಬ್ಬು ಮತ್ತು ನೀರು ಬೇರೆಯಾಗದಂತೆ ಅದು ಹಿಡಿದಿಡುತ್ತದೆ. ಹಾಗಾಗಿ ಸಾರಿನಂತೆ ನಯವಾಗಿ ಕರಗಿ ಖೀಮಾದ ಪ್ರತಿ ತುಂಡಿಗೂ ಅಂಟುತ್ತದೆ. ಹಳೆಯ ಚೆಡಾರ್‌ನಲ್ಲಿ ಆ ಲವಣ ಇಲ್ಲ, ಅದಕ್ಕೇ ಆವತ್ತು ಎಣ್ಣೆ ಬಿಟ್ಟದ್ದು. ತುರಿದು ಪ್ಯಾಕೆಟ್ ಮಾಡಿದ ಚೀಸ್ ಕೂಡ ಬೇಡ, ಅಂಟಬಾರದು ಎಂದು ಪಿಷ್ಟ ಹಾಕಿರುತ್ತಾರೆ. ಊರಿನಲ್ಲಿ ಮಾಡುವವರಿಗೆ ಅಮುಲ್ ಚೀಸ್ ಹಾಳೆ ಸರಿಯಾಗುತ್ತದೆ, ಅದೂ ಇದೇ ಜಾತಿಯ ಸಂಸ್ಕರಿಸಿದ ಚೀಸ್. ಒಂದು ಪೌಂಡ್‌ಗೆ ಆರು ಹಾಳೆ. ಖೀಮಾವನ್ನು ಬ್ರೆಡ್ಡಿನ ಉದ್ದಕ್ಕೆ ನಾಲ್ಕು ಸಾಲು ಮಾಡಿ, ಮೇಲೆ ಹಾಳೆ ಹೊದೆಸಿ, ಕಾವಲಿಯ ಬದಿಗೆ ಒಂದು ಚಮಚ ನೀರು ಚಿಮುಕಿಸಿ, ಮುಚ್ಚಳ ಮುಚ್ಚಿ ಅರ್ಧ ನಿಮಿಷ. ಹಬೆಗೆ ಕರಗಿಬಿಡುತ್ತದೆ. ಬೇಡವೆಂದು ಇಷ್ಟು ಹೊತ್ತು ದೂರ ಇಟ್ಟ ನೀರು ಇಲ್ಲಿ ಬೇಕು.

ಬ್ರೆಡ್ ಮೃದು ಬನ್ ಆಗಬಾರದು. ಹೊರಗೆ ತುಸು ಗಟ್ಟಿ ಇರುವ ಉದ್ದ ರೋಲ್ ತರುತ್ತೇನೆ. ಸೀಳಿ, ಒಳಬದಿಯನ್ನು ಅದೇ ಕಾವಲಿಯ ಉಳಿದ ಕೊಬ್ಬಿಗೆ ಒತ್ತಿ ಕೆಂಪಗೆ ಮಾಡಿದರೆ ರಸ ಕುಡಿದು ಒದ್ದೆಯಾಗುವುದಿಲ್ಲ. ಮಯೋನೀಸ್ ಮೊದಲು, ಬ್ರೆಡ್ಡಿಗೆ ನೇರವಾಗಿ. ಲೆಟಿಸ್ ಸಣ್ಣಗೆ ಹೆಚ್ಚಿ. ನಮ್ಮನೆಯಲ್ಲಿ ಒಂದು ಹಸಿಮೆಣಸೂ ಸೇರುತ್ತದೆ.

ಬೀಫ್ ತಿನ್ನದ ಸ್ನೇಹಿತರು ಬಂದಾಗ ಬೇರೆ ಪ್ಯಾನ್, ಬೇರೆ ಸಟ್ಟುಗ ತೆಗೆಯುತ್ತೇನೆ. ಮಟನ್ ಖೀಮಾದಲ್ಲೂ ಚೆನ್ನಾಗಿ ಆಗುತ್ತದೆ, ಕೊಬ್ಬು ಕಡಿಮೆ ಇರುವುದರಿಂದ ಒಂದು ದೊಡ್ಡ ಚಮಚ ಎಣ್ಣೆ ಬೇಕು. ಕೋಳಿ ಖೀಮಾ ಆದರೆ 74 ಡಿಗ್ರಿ ತನಕ ಬೇಯಿಸಿ. ಶಿವಮೊಗ್ಗದ ಗೆಳತಿಯೊಬ್ಬಳಿಗೆ ಅಣಬೆಯಲ್ಲಿ ಮಾಡಿಕೊಟ್ಟೆ. ಅಣಬೆಯ ನೀರು ಪೂರ್ತಿ ಇಂಗಿಸಿ, ಆಮೇಲೆ ಹುರಿಯಬೇಕು. ಅವಳು ಎರಡು ತಿಂದಳು.

ಕೊನೆಗೆ ಸುತ್ತುವುದು. ಬೊಡೆಗಾದಲ್ಲಿ ಕಾಗದದಲ್ಲಿ ಬಿಗಿಯಾಗಿ ಸುತ್ತಿ, ಮೇಲೆ ಫಾಯಿಲ್ ಹಾಕಿ, ನಡುವೆ ಕತ್ತರಿಸಿ ಕೊಡುತ್ತಾರೆ. ಮನೆಯಲ್ಲಿ ಇದೆಲ್ಲ ಯಾಕೆ ಎಂದು ಮೊದಲು ಬಿಟ್ಟಿದ್ದೆ. ಆದರೆ ಸುತ್ತಿ ಎರಡು ನಿಮಿಷ ಇಟ್ಟರೆ ಒಳಗಿನ ಹಬೆಗೆ ಬ್ರೆಡ್ಡಿನ ಹೊರಗಿನ ಸಿಪ್ಪೆ ಹದವಾಗುತ್ತದೆ, ಚೀಸ್ ಇಳಿದು ಎಲ್ಲವನ್ನೂ ಹಿಡಿದುಕೊಳ್ಳುತ್ತದೆ, ತಿನ್ನುವಾಗ ಏನೂ ಉದುರುವುದಿಲ್ಲ. ಎಂಟೂ ನಲವತ್ತಕ್ಕೆ ನಾಲ್ಕು ಪೊಟ್ಟಣ ಮೇಜಿನ ಮೇಲೆ ಇರುತ್ತವೆ. ಇವರದ್ದಕ್ಕೆ ಫಾಯಿಲ್ ಎರಡು ಸುತ್ತು. ಅರ್ಧ ಇಲ್ಲಿ ತಿಂದು, ಉಳಿದರ್ಧ ಜಾಕೆಟಿನ ಜೇಬಿಗೆ ಹಾಕಿಕೊಂಡು ಹೊರಡುತ್ತಾರೆ. ರೈಲು ಹತ್ತುವ ತನಕ ಜೇಬು ಬೆಚ್ಚಗಿರುತ್ತದಂತೆ.