ಬಿತ್ತದೆ ಬಂದ ಗಿಡವನ್ನು ಗುರುತಿಸುವ ಬಗೆ

ಕೈತೋಟದಲ್ಲಿ ತಾನಾಗಿ ಹುಟ್ಟಿದ ಗಿಡವನ್ನು ಕಂಡರೆ ಈಗಿನವರು ಮಾಡುವ ಕೆಲಸ ಎರಡೇ. ಒಂದೋ ನಿಂತ ನಿಲುವಿನಲ್ಲೇ ಮೊಬೈಲ್ ಚಾಚಿ, ಗಿಡದ ನೆತ್ತಿಯ ಚಿತ್ರವನ್ನು ತೆಗೆದು, ಅದು ತೋರಿಸುವ ನಾಲ್ಕು ಹೆಸರುಗಳಲ್ಲಿ ತಮಗೆ ಚೆಂದ ಕಂಡದ್ದನ್ನು ನಂಬುತ್ತಾರೆ. ಇಲ್ಲವೇ ತುದಿಯನ್ನು ಹಿಡಿದು ಎಳೆದು, ಅರ್ಧ ಬೇರನ್ನು ಮಣ್ಣಿನಲ್ಲೇ ಬಿಟ್ಟು, ಉಳಿದದ್ದನ್ನು ಕಾಂಪೌಂಡಿನ ಆಚೆಗೆ ಎಸೆಯುತ್ತಾರೆ. ಮೊದಲನೆಯವರ ಮನೆಯಲ್ಲಿ ವಿಷದ ಗಿಡಕ್ಕೆ ದಿನವೂ ನೀರು ಬೀಳುತ್ತದೆ, ಎರಡನೆಯವರ ಮನೆಯಲ್ಲಿ ಒಂದು ಹೊತ್ತಿನ ಪಲ್ಯ ಕಸಕ್ಕೆ ಹೋಗುತ್ತದೆ. ಬನಶಂಕರಿಯ ನಮ್ಮ ಬೀದಿಯಲ್ಲಿ ಈ ಮಳೆಗಾಲದಲ್ಲಿ ಎರಡನ್ನೂ ನೋಡಿ ಸಾಕಾಗಿ ಇದನ್ನು ಬರೆಯಲು ಕುಳಿತಿದ್ದೇನೆ.

ಪಕ್ಕದ ಮನೆಗೆ ಬಾಡಿಗೆಗೆ ಬಂದಿರುವ ಎಳೆಯ ದಂಪತಿ, ಗೇಟಿನ ಬದಿಯಲ್ಲಿ ಹುಟ್ಟಿದ ಸೀಳೆಲೆಯ ಗಿಡವೊಂದನ್ನು ಸೇವಂತಿಗೆ ಎಂದು ನಂಬಿ, ಸುತ್ತ ಪಾತಿ ಮಾಡಿ, ಎರೆಗೊಬ್ಬರ ಹಾಕಿ, ಒಂದು ತಿಂಗಳು ಸಾಕಿದರು. ಅಕ್ಕಿ ನುಚ್ಚಿನಂತಹ ಬಿಳಿ ಹೂವು ಬಂದ ಮೇಲೆ ನನ್ನನ್ನು ಕರೆದು ತೋರಿಸಿದರು. ಅದು ಕಾಂಗ್ರೆಸ್ ಗಿಡ, ಪುಸ್ತಕದ ಹೆಸರು ಪಾರ್ಥೇನಿಯಂ. ಅಮೆರಿಕ ಖಂಡದ ಉಷ್ಣ ಪ್ರದೇಶದಿಂದ ಬಂದು, 1950ರ ದಶಕದಲ್ಲಿ ಪುಣೆಯಲ್ಲಿ ಜನರ ಕಣ್ಣಿಗೆ ಬಿದ್ದು, ಆಮೇಲೆ ದೇಶದ ತುಂಬ ಹಬ್ಬಿದ ಕಳೆ ಅದು. ಒಂದೇ ಗಿಡ ಹತ್ತು ಸಾವಿರಕ್ಕೂ ಮಿಕ್ಕಿ ಬೀಜ ಉದುರಿಸುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಕೆಲವರಿಗೆ ಚರ್ಮ ಕೆಂಪಗೆ ಎದ್ದು ವಾರಗಟ್ಟಲೆ ತುರಿಸುತ್ತದೆ, ಪರಾಗ ಮೂಗಿಗೆ ಹೋದರೆ ಸೀನು ನಿಲ್ಲುವುದಿಲ್ಲ. ಇದನ್ನು ತಿನ್ನುವ, ಬೆನ್ನಿನ ಮೇಲೆ ಪಟ್ಟೆಗಳಿರುವ ಪುಟ್ಟ ದುಂಬಿಯನ್ನು ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಹೊರಗೆ ಬಿಟ್ಟದ್ದು ನಮ್ಮ ಬೆಂಗಳೂರಿನಲ್ಲಿಯೇ. ಮಳೆಗಾಲದಲ್ಲಿ ಈ ಗಿಡದ ಎಲೆಗಳು ಜರಡಿಯಂತಾಗಿರುವುದು ಕಂಡರೆ ಆ ದುಂಬಿ ಅಲ್ಲಿದೆಯೇ ಎಂದು ನೋಡಿ, ಇದ್ದರೆ ಹೊಸಕಬೇಡಿ. ದುಂಬಿ ತಿಂದು ಮುಗಿಸಬೇಕಾದದ್ದಕ್ಕೆ ನಮ್ಮ ನೆರೆಯವರು ಗೊಬ್ಬರ ಹಾಕಿ ಬೆಳೆಸಿದ್ದರು. ಹೂವಾಗುವ ಮೊದಲೇ, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು, ಬೇರು ಸಮೇತ ಕಿತ್ತಿದ್ದರೆ ಐದು ನಿಮಿಷದ ಕೆಲಸವಾಗಿತ್ತು.

ಅವರು ಎಡವಿದ್ದು ಎಲ್ಲಿ ಎಂದರೆ, ಎಲೆಯ ಮುಖವನ್ನು ಮಾತ್ರ ನೋಡಿದ್ದರು. ಗಿಡದ ಗುರುತು ಇರುವುದು ಮುಖದಲ್ಲಲ್ಲ, ಕೆಳಗಡೆ. ಒಂದು ಮಣೆ ತಂದು ಗಿಡದ ಪಕ್ಕ ಕುಳಿತುಕೊಳ್ಳಿ. ಎಲೆಯನ್ನು ಮಗುಚಿ ಬೆನ್ನು ನೋಡಿ, ಎಲೆ ಕಾಂಡಕ್ಕೆ ಸೇರುವ ಕಂಕುಳನ್ನು ನೋಡಿ, ಕಾಂಡವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಹೊರಳಿಸಿ. ಮೂರು ಮೂಲೆ ಬೆರಳಿಗೆ ತಾಗಿದರೆ ಅದು ಹುಲ್ಲಲ್ಲ, ಕೊನ್ನಾರಿ ಗಡ್ಡೆಯ ಜಾತಿಯದು. ಎಳೆದರೆ ಮೇಲಿನ ಭಾಗ ಮಾತ್ರ ಬಂದು ಗಡ್ಡೆಗಳ ಸರಪಳಿ ಒಳಗೇ ಉಳಿಯುತ್ತದೆ, ಆದ್ದರಿಂದ ಅಗೆಯಲೇಬೇಕು. ನಾಲ್ಕು ಮೂಲೆ ತಾಗಿ, ಎಲೆಗಳು ಎದುರುಬದುರಾಗಿದ್ದರೆ ತುಂಬೆಯೋ ತುಳಸಿಯೋ ಅವುಗಳ ದಾಯಾದಿಯೋ ಆಗಿರಬಹುದು, ಅವಸರ ಬೇಡ. ಹರಿವೆಯಂತೆ ಕಾಣುವ ಗಿಡದ ಕಂಕುಳಲ್ಲಿ ಜೋಡಿ ಮುಳ್ಳಿದ್ದರೆ ಮುಳ್ಳುಹರಿವೆ. ಪುಟ್ಟ ನೆಲ್ಲಿಯಂತಹ ಗರಿಯನ್ನು ಮಗುಚಿದಾಗ ಸಾಸಿವೆಗಿಂತ ತುಸು ದಪ್ಪನೆಯ ಹಸಿರು ಮಣಿಗಳು ಸಾಲಾಗಿ ತೂಗುತ್ತಿದ್ದರೆ ಅದು ನೆಲನೆಲ್ಲಿ; ಮೇಲಿನಿಂದ ನೋಡಿದವರಿಗೆ ಆ ಮಣಿಗಳು ಜನ್ಮದಲ್ಲಿ ಕಾಣುವುದಿಲ್ಲ. ನೆಲಕ್ಕೆ ಹರಡಿಕೊಂಡ ದಪ್ಪ ಎಲೆಯ ಗೋಣಿ ಸೊಪ್ಪನ್ನು ಸಾರಿಗೆ ಬಿಡಿಸುವ ಮೊದಲು ಒಂದು ಕಡ್ಡಿಯನ್ನು ಮುರಿದು ನೋಡಿ: ಗೋಣಿ ಸೊಪ್ಪಿನಿಂದ ಬರುವುದು ನೀರು, ಅದರ ಮಗ್ಗುಲಲ್ಲೇ ಅದರಂತೆಯೇ ಹರಡಿಕೊಳ್ಳುವ ಒಂದು ಕಳೆಯಿಂದ ಬರುವುದು ಬಿಳಿ ಹಾಲು. ಹಾಲು ಬಂದದ್ದು ಪಾತ್ರೆಗೆ ಬರಕೂಡದು.

ಬದನೆಯ ಸಸಿ ಎಂದು ಮದ್ದುಗುಣಿಕೆಯನ್ನು ಕುಂಡದಲ್ಲಿ ಸಾಕಿದವರನ್ನೂ ನಾನು ಬಲ್ಲೆ. ಎರಡೂ ಒಂದೇ ಕುಲದವು, ಎಳೆಯದರಲ್ಲಿ ಅಕ್ಕತಂಗಿಯರಂತೆ ಇರುತ್ತವೆ. ಬದನೆಯ ಎಲೆಯ ಬೆನ್ನನ್ನು ಸವರಿದರೆ ಕಂಬಳಿಯ ಹಾಗೆ ತರಿ ತಾಗುತ್ತದೆ. ಮದ್ದುಗುಣಿಕೆಯ ಎಲೆಯನ್ನು ಉಜ್ಜಿದರೆ ಮೂಗು ಮುಚ್ಚುವಂತಹ ಕೆಟ್ಟ ವಾಸನೆ ಬರುತ್ತದೆ. ಅದರ ಬೇರಿನಿಂದ ಬೀಜದವರೆಗೆ ಎಲ್ಲವೂ ವಿಷವೇ. ಉಜ್ಜಿದ ಕೈಯಲ್ಲಿ ಕಣ್ಣನ್ನು ಒರೆಸಿಕೊಂಡರೆ ಪಾಪೆ ಹಿಗ್ಗಿ ದೃಷ್ಟಿ ಮಂಜಾಗುತ್ತದೆ, ಆದ್ದರಿಂದ ಯಾವ ಗಿಡವನ್ನು ಮುಟ್ಟಿ ನೋಡಿದರೂ ಕೈತೊಳೆದೇ ಒಳಗೆ ಬರಬೇಕು. ಗೊತ್ತಿಲ್ಲದ ಗಿಡವನ್ನು ನಾಲಿಗೆಗೆ ಹಚ್ಚಿ ನೋಡುವ ಶೂರತನವಂತೂ ಬೇಡವೇ ಬೇಡ.

ಇಷ್ಟು ನೋಡಿಯೂ ಗುರುತು ಸಿಗದಿದ್ದಾಗ ಬೇರನ್ನು ಕೇಳಬೇಕು. ಇದನ್ನು ನನಗೆ ಕಲಿಸಿದವರು ನಮ್ಮ ಅತ್ತೆ. ಮದುವೆಯಾಗಿ ಗವಿಪುರದ ಮನೆಗೆ ಬಂದ ಹೊಸದರಲ್ಲಿ, ಹಿತ್ತಲನ್ನು ಚೊಕ್ಕ ಮಾಡಿ ಮೆಚ್ಚುಗೆ ಗಳಿಸಬೇಕೆಂದು, ಬಾವಿಕಟ್ಟೆಯ ಬದಿಯಲ್ಲಿ ಒತ್ತಾಗಿ ಎದ್ದಿದ್ದ ಮೂರು ಸಸಿಗಳನ್ನು ಕೀಳಲು ಬಗ್ಗಿದ್ದೆ. ಅವರು ಗದರಲಿಲ್ಲ, ಒಂದು ಹಳೆಯ ಚಮಚವನ್ನೂ ಅಂಚು ಹಾರಿದ ಬಿಳಿ ಪಿಂಗಾಣಿ ತಟ್ಟೆಯನ್ನೂ ತಂದು ನನ್ನ ಮುಂದೆ ಇಟ್ಟರು. ಅವರು ಹೇಳಿದ ಹಾಗೆ ಮಾಡಿ ತಟ್ಟೆಯ ನೀರಿನಲ್ಲಿ ನೋಡಿದರೆ, ಮೂರು ಸಸಿಗಳಿಗೂ ಬುಡದಲ್ಲಿ ಒಂದೇ ಬೀಜ, ಅದರ ಸಿಪ್ಪೆಯ ಮೇಲೆ ಇನ್ನೂ ನೇರಳೆಯ ಬಣ್ಣ. ಒಂದು ನೇರಳೆ ಬೀಜದಿಂದ ಎರಡು ಮೂರು ಸಸಿ ಹುಟ್ಟುವುದುಂಟು ಎಂದು ನಾನು ಅಂದು ಕಲಿತದ್ದು. ಮೂರರಲ್ಲಿ ಬಲವಾದದ್ದನ್ನು ಉಳಿಸಿದೆವು, ಆ ಮರದ ಹಣ್ಣು ತಿಂದು ನನ್ನ ಮಕ್ಕಳ ನಾಲಿಗೆಯೆಲ್ಲ ನೀಲಿಯಾಗುತ್ತಿತ್ತು.

ಮಾಡುವ ಕ್ರಮವನ್ನು ಸರಿಯಾಗಿ ಕೇಳಿಕೊಳ್ಳಿ, ಏಕೆಂದರೆ ಒಂದು ಹಂತವನ್ನು ಬಿಟ್ಟರೂ ಫಲವಿಲ್ಲ. ಗಿಡ ಗೇಣುದ್ದ ಮೀರಿರಬಾರದು, ನಾಲ್ಕಾರು ಎಲೆ ಬಂದಿರಬೇಕು. ಹಿಂದಿನ ಸಂಜೆ ಬುಡಕ್ಕೆ ಒಂದು ಚೊಂಬು ನೀರನ್ನು ಮೆಲ್ಲಗೆ ಬಿಡಿ. ಬೆಳಗ್ಗೆ ಬಿಸಿಲು ಏರುವ ಮೊದಲು, ಕಾಂಡದಿಂದ ನಾಲ್ಕು ಬೆರಳು ದೂರದಲ್ಲಿ ಚಮಚವನ್ನು ನೆಟ್ಟಗೆ ಇಳಿಸುತ್ತಾ ಸುತ್ತು ಬನ್ನಿ; ಕಾಂಡದ ಕಡೆಗೆ ಓರೆ ಮಾಡಿದರೆ ಬೇರಿನ ಕತ್ತೇ ತುಂಡಾಗುತ್ತದೆ. ಹಳೆಯ ಚಮಚ ಎಂದದ್ದು ಸುಮ್ಮನೆ ಅಲ್ಲ, ಮೊಂಡಾಗಿರುವುದರಿಂದ ಅದು ಬೇರನ್ನು ಕತ್ತರಿಸದೆ ಸರಿಸುತ್ತದೆ. ಹೊಸ ಕುರ್ಪಿ ಈ ಕೆಲಸಕ್ಕೆ ಆಗದು. ಮಣ್ಣಿನ ಹೆಂಟೆಯ ಸಮೇತ ಎತ್ತಿ, ಬಕೆಟ್ಟಿನ ನೀರಿನಲ್ಲಿ ಇಳಿಬಿಟ್ಟು, ಮಣ್ಣು ತಾನಾಗಿ ಕಳಚುವವರೆಗೆ ಕಾಯಿರಿ. ನಲ್ಲಿಯ ಕೆಳಗೆ ಹಿಡಿದರೆ ನೋಡಬೇಕಾದದ್ದೆಲ್ಲ ಚರಂಡಿಗೆ ಹೋಗುತ್ತದೆ. ಸೊಪ್ಪು ತೊಳೆಯುವಾಗಲೂ ನೀವು ಮಾಡುವ ತಪ್ಪು ಇದೇ: ಪಾತ್ರೆಯನ್ನು ಬಾಗಿಸಿ ನೀರು ಬಸಿದರೆ ತಳಕ್ಕೆ ಇಳಿದಿದ್ದ ಮರಳು ಮತ್ತೆ ಸೊಪ್ಪಿಗೇ ಅಂಟುತ್ತದೆ. ಸೊಪ್ಪನ್ನು ನೀರಿನಿಂದ ಎತ್ತಬೇಕು, ನೀರನ್ನು ಸೊಪ್ಪಿನಿಂದ ಬಸಿಯಬಾರದು, ಹಾಗೆ ಮೂರು ಸಲ. ಇಲ್ಲಿಯೂ ಸಸಿಯನ್ನು ಹಾಗೆಯೇ ಎತ್ತಿ, ಬೆರಳ ಗಿಣ್ಣಿನಷ್ಟು ನೀರು ಹಾಕಿದ ಬಿಳಿ ತಟ್ಟೆಯಲ್ಲಿ ಮಲಗಿಸಿ. ಬೇರಿನ ಎಳೆಗಳು ಒದ್ದೆ ಕೂದಲು ಬಿಚ್ಚಿದಂತೆ ಹರಡಿಕೊಳ್ಳುತ್ತವೆ. ತಟ್ಟೆ ಬಿಳಿಯದೇ ಆಗಿರಬೇಕು. ಸ್ಟೀಲ್ ತಟ್ಟೆಯ ಹೊಳಪಿನಲ್ಲಿ ಸಣ್ಣ ಬೇರುಗಳು ಕಾಣುವುದೇ ಇಲ್ಲ.

ಈಗ ಕನ್ನಡಕ ಹಾಕಿಕೊಂಡು ಬೇರಿನ ಕತ್ತನ್ನು ನೋಡಿ. ಮಾವಿನ ಓಟೆಯೋ, ಹಲಸಿನ ಬೀಜವೋ, ಬೆಣ್ಣೆಹಣ್ಣಿನ ದಪ್ಪ ಬೀಜವೋ ಕತ್ತಿಗೆ ಅಂಟಿಕೊಂಡಿದ್ದರೆ ಬಂದವರು ಯಾರೆಂದು ಅಲ್ಲೇ ತಿಳಿಯಿತು. ಬೀಜವೇ ಇಲ್ಲದೆ, ಬೇರಿನ ಒಂದು ಪಕ್ಕದಲ್ಲಿ ದಪ್ಪನೆಯ ಕಡ್ಡಿ ಮುರಿದ ಗಾಯವಿದ್ದರೆ, ಅದು ಬೀಜದ ಗಿಡವಲ್ಲ, ಯಾವುದೋ ಹಳೆಯ ಗಿಡದ ಬೇರಿನಿಂದ ಎದ್ದ ಮರಿ. ಕರಿಬೇವು ಹೀಗೆ ತಾಯಿಯಿಂದ ಮಾರು ದೂರದಲ್ಲಿಯೂ ತಲೆ ಎತ್ತುತ್ತದೆ. ಬೀಜವೂ ಇಲ್ಲ, ಗಾಯವೂ ಇಲ್ಲ ಎಂದಾದರೆ ಬೀಜ ಕಣ್ಣಿಗೆ ಕಾಣದಷ್ಟು ಸಣ್ಣದು, ಇಲ್ಲವೇ ಸಿಪ್ಪೆ ಆಗಲೇ ಕಳಚಿಹೋಗಿದೆ ಎಂದು ತಿಳಿಯಬೇಕು. ನೋಡುವುದೆಲ್ಲ ಫಿಲ್ಟರಿನಲ್ಲಿ ಕಾಫಿ ಡಿಕಾಕ್ಷನ್ ಇಳಿಯುವಷ್ಟು ಹೊತ್ತಿನಲ್ಲಿ ಮುಗಿಯಬೇಕು. ಕೂಡಲೇ ಕುಂಡದಲ್ಲಿ ನೆಟ್ಟು ಮೂರು ದಿನ ನೆರಳಿನಲ್ಲಿಟ್ಟರೆ ಹೆಚ್ಚಿನವು ಬದುಕುತ್ತವೆ.

ಈ ವರ್ಷ ನಮ್ಮ ಮನೆಗೇ ಅಂತಹದೊಂದು ಅತಿಥಿ ಬಂದಿತ್ತು. ಬಟ್ಟೆ ಒಗೆಯುವ ಕಲ್ಲಿಗೂ ಸಂಪಿನ ಮುಚ್ಚಳಕ್ಕೂ ನಡುವಿನ ಬಿರುಕಿನಲ್ಲಿ ಹುಟ್ಟಿದ್ದ ಅದನ್ನು ನನ್ನ ಮೊಮ್ಮಗಳು ಎಂದಿನಂತೆ ಮೇಲಿನಿಂದ ಚಿತ್ರ ತೆಗೆದು, "ಅಜ್ಜೀ, ಒಂದು ಸಲ ದಾಸವಾಳದ ಜಾತಿ ಅನ್ನುತ್ತೆ, ಇನ್ನೊಂದು ಸಲ ತುರಿಕೆ ಗಿಡ ಅನ್ನುತ್ತೆ" ಎಂದಳು. ಅವಳನ್ನು ಕೂರಿಸಿ ತಟ್ಟೆ ತರಿಸಿದೆ. ಬೇರಿನಲ್ಲಿ ಬೀಜವಿಲ್ಲ, ಗಾಯವೂ ಇಲ್ಲ. ಹಾಗಾದರೆ ಬಂದದ್ದು ಎಲ್ಲಿಂದ? ಹುಟ್ಟಿದ ಜಾಗದ ನೇರಕ್ಕೆ ತಲೆ ಎತ್ತಿ ನೋಡು ಎಂದೆ. ಮೇಲೆ ಕೇಬಲ್ಲಿನ ತಂತಿ, ತಂತಿಯ ಮೇಲೆ ಪಿಕಳಾರ. ಗೊಬ್ಬರದ ಗುಂಡಿಯ ಬಳಿ ಹುಟ್ಟಿದ್ದು ಅಡುಗೆಮನೆಯಿಂದ ಬಂದದ್ದು, ತಂತಿಯ ಕೆಳಗೆ ಹುಟ್ಟಿದ್ದು ಹಕ್ಕಿಯ ಹೊಟ್ಟೆಯಿಂದ ಬಂದದ್ದು. ಪ್ಯಾರಾಪೆಟ್ ಗೋಡೆಯ ಸಂದಿನಲ್ಲಿ ಅರಳಿ ಹುಟ್ಟುವುದೂ ಹಾಗೆಯೇ, ಅದನ್ನು ಎರಡೆಲೆ ಇರುವಾಗಲೇ ತೆಗೆಸದಿದ್ದರೆ ಆಮೇಲೆ ಗೋಡೆಯನ್ನೇ ಒಡೆಸಬೇಕಾಗುತ್ತದೆ. ಇನ್ನು ಎಲೆಯನ್ನು ಮಗುಚಿದೆವು: ಬೆನ್ನು ಮಾಸಲು ಬಿಳುಪು, ಬೆರಳಿಗೆ ತುಸು ಅಂಟುವ ಮೃದುವಾದ ರೋಮ, ಅಂಚಿನಲ್ಲಿ ಗರಗಸದ ಹಲ್ಲು, ಎಲ್ಲಕ್ಕಿಂತ ಹೆಚ್ಚಾಗಿ ಎಲೆಯ ಬುಡ ಸೊಟ್ಟ. ನಡುನರದ ಒಂದು ಮಗ್ಗುಲು ಮೇಲೆಯೇ ನಿಂತರೆ ಇನ್ನೊಂದು ಮಗ್ಗುಲು ಕೆಳಗಿನವರೆಗೆ ಇಳಿದಿದೆ, ಗುಂಡಿ ತಪ್ಪಾಗಿ ಹಾಕಿದ ಅಂಗಿಯ ಹಾಗೆ. ಕಡ್ಡಿಯ ತೊಗಟೆಯನ್ನು ಉಗುರಿನಿಂದ ಎಬ್ಬಿಸಿದರೆ ನಾರಿನಂತೆ ಉದ್ದಕ್ಕೆ ಸುಲಿದು ಬಂದಿತು.

ಗಸಗಸೆ ಹಣ್ಣಿನ ಮರ. ಬೆಂಗಳೂರಿನ ರಸ್ತೆಬದಿಯಲ್ಲಿ ಕೊಡೆಯಂತೆ ಹರಡಿ ನಿಂತು, ಬಟಾಣಿಗಿಂತ ದಪ್ಪನೆಯ ಕೆಂಪು ಹಣ್ಣು ಬಿಡುವ ಅದನ್ನು ಶಾಲೆಯಿಂದ ಬರುತ್ತಾ ಕಿತ್ತು ತಿನ್ನದ ಮಕ್ಕಳು ನಮ್ಮ ಕಾಲದಲ್ಲಿ ಇರಲಿಲ್ಲ. ಹಣ್ಣನ್ನು ಹಿಚುಕಿದರೆ ಒಳಗೆಲ್ಲ ಗಸಗಸೆಯಂತಹ ಬೀಜ, ಹೆಸರು ಬಂದದ್ದು ಅದರಿಂದ. ಸಿಂಗಪುರ ಚೆರ್ರಿ ಎಂದೂ ಕರೆಯುತ್ತಾರೆ, ಆದರೆ ಅದು ಸಿಂಗಪುರದ್ದೂ ಅಲ್ಲ, ಚೆರ್ರಿಯೂ ಅಲ್ಲ, ಗಸಗಸೆಯಂತೂ ಅಲ್ಲವೇ ಅಲ್ಲ. ಅದರ ತವರು ಕೂಡ ಅಮೆರಿಕ ಖಂಡದ ಉಷ್ಣ ಪ್ರದೇಶವೇ. ಹಕ್ಕಿಗಳೂ ಬಾವಲಿಗಳೂ ತಿಂದು ಬೀಜವನ್ನು ಊರೆಲ್ಲ ಹಂಚುತ್ತವೆ.

ಬೇಡದೆ ಬಂದದ್ದರಲ್ಲಿ ಕುಂಬಳ, ಸೋರೆ, ಸೌತೆಯ ಬಳ್ಳಿಗಳ ಬಗ್ಗೆ ಒಂದು ಮಾತನ್ನು ಮಾತ್ರ ಹೇಳಬೇಕು. ಅಡುಗೆಮನೆಯ ಕಸದಿಂದ ಹುಟ್ಟಿದ ಬಳ್ಳಿಯ ಕಾಯಿ ನೋಡಲು ಎಷ್ಟೇ ಚೆನ್ನಾಗಿದ್ದರೂ, ಹೆಚ್ಚಿದ ಮೇಲೆ ಒಂದು ಚೂರನ್ನು ನಾಲಿಗೆಯ ತುದಿಗೆ ಮುಟ್ಟಿಸಿ ಉಗಿಯಿರಿ. ಕಹಿ ಎನಿಸಿದರೆ ಇಡೀ ಕಾಯಿಯನ್ನು ಎಸೆಯಿರಿ. ಬೇರೆ ಜಾತಿಯೊಡನೆ ಬೆರೆತ ಬೀಜದಿಂದ ಬಂದ ಕಾಯಿಯಲ್ಲಿ ಹೊಟ್ಟೆ ಕೆಡಿಸುವ ಕಹಿ ವಿಷ ಇರಬಹುದು, ಬೇಯಿಸಿದರೆ ಅದು ಹೋಗುವುದಿಲ್ಲ. ಬೆಲ್ಲ ಹಾಕಿ ಸರಿಮಾಡುತ್ತೇನೆ ಎನ್ನುವವರಿಗೆ ನಾನು ಹೇಳುವುದೇನೂ ಇಲ್ಲ.

ನಮ್ಮ ಗಸಗಸೆ ಸಸಿಯನ್ನು ಸಂಪಿನ ಪಕ್ಕದಲ್ಲಿ ಉಳಿಸುವ ಹಾಗಿರಲಿಲ್ಲ, ಅದು ಬೇಗ ಬೆಳೆಯುವ ಮರ, ನಮ್ಮದು ಮೂವತ್ತು ನಲವತ್ತರ ಸೈಟು. ಸದ್ಯಕ್ಕೆ ಒಂದು ಹಳೆಯ ಪೇಂಟ್ ಡಬ್ಬದಲ್ಲಿ, ತಳಕ್ಕೆ ಮೊಳೆಯಿಂದ ತೂತು ಹಾಕಿ, ಮೆಟ್ಟಿಲ ಕೆಳಗೆ ಇಟ್ಟಿದ್ದೇವೆ. ಎರಡು ಹೊಸ ಎಲೆ ಬಂದಿವೆ, ಎರಡಕ್ಕೂ ಬುಡ ಸೊಟ್ಟವೇ. ಮೊಮ್ಮಗಳು ಈಗ ಮೊಬೈಲನ್ನು ಎಲೆಯ ಅಡಿಗೆ ಹಿಡಿದು ಚಿತ್ರ ತೆಗೆಯುತ್ತಾಳೆ, ಅಷ್ಟಾದರೂ ಆಯಿತು. ಊರ ಕಡೆ ಜಾಗವಿರುವ ನೆಂಟರು ಕೇಳಿದರೆ ಸಸಿಯನ್ನು ಸಂತೋಷವಾಗಿ ಕೊಡುತ್ತೇನೆ, ಡಬ್ಬವನ್ನು ಮಾತ್ರ ವಾಪಸು ತಂದುಕೊಡಬೇಕು.